ಮಾರೆಮ್ಮ ಹೇಳಿದ ಹಾಗೆ

ಗುರುಸಿದ್ದನ ಬಲಗೈಯ ನಾಲ್ಕು ಬೆರಳು ಮುರಿದಿವೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಡಾಕ್ಟರಿಗೇನು, ಬರೆಯುತ್ತಾರೆ. ಮುರಿಯುವುದೆಂದರೆ ಎಲುಬು ಒಂದು ಕಡೆ ಲಟಕ್ಕೆಂದು ಎರಡಾಗುವುದು. ಇವನ ಬೆರಳುಗಳನ್ನು ಮೆಣಸಿನಕಾಯಿ ಕುಟ್ಟಿದ ಹಾಗೆ ಕುಟ್ಟಿದ್ದರು. ರಾಯಚೂರಿನ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನಿಂತ ಸುಮಂಗಲಾ ಒಮ್ಮೆ ನೋಡಿದಳು, ಎರಡನೆಯ ಸಲ ನೋಡಲಿಕ್ಕೆ ಅವಳಿಂದ ಆಗಲಿಲ್ಲ.

ಸುಮಂಗಲಾ ಶಿಕ್ಷಕರಿಗೆ ತರಬೇತಿ ಕೊಡುವವಳು. ಹದಿನೆಂಟು ವರ್ಷ ತಾನೇ ಪಾಠ ಮಾಡಿ, ಈಗ ಮೂರು ವರ್ಷದಿಂದ ಜಿಲ್ಲೆಯ ಹಳ್ಳಿಶಾಲೆಗಳ ಮಾಸ್ತರರಿಗೆ, ಸಣ್ಣ ಮಕ್ಕಳಿಗೆ ಓದು ಹೇಗೆ ಹಚ್ಚಬೇಕೆಂದು ಹೇಳಿಕೊಡುತ್ತಿದ್ದಳು. ಗುರುಸಿದ್ದ ಹೋದ ತಿಂಗಳಷ್ಟೇ ಅವಳ ಬಳಿ ಐದು ದಿನ ಕಲಿತುಹೋಗಿದ್ದ ಅತಿಥಿ ಶಿಕ್ಷಕ. ದೇವದುರ್ಗದ ಆಚೆ, ಹೊಳೆದಂಡೆಯ ಒಂದು ಊರಿನಲ್ಲಿ ಎರಡನೆಯ ತರಗತಿಗೆ ಪಾಠ ಮಾಡುತ್ತಿದ್ದ.

ಅವನ ತಂದೆ ಯಮನೂರಪ್ಪ ಕುರಿ ಕಾಯುವವನು. ಕುರ್ಚಿ ಇದ್ದರೂ ನೆಲದ ಮೇಲೇ ಕುಂತಿದ್ದ. ಸುಮಂಗಲಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಆಫ್ರಿಕಾ ಮೇಡಂ ಅಂದ್ರ ನೀವೇ ಏನ್ರಿ?"

"ಹೌದ್ರೀ ಯಪ್ಪಾ."

"ನೀವು ಹೇಳಿದ್ದು ಹೇಳಿದಂಗ ಮಾಡ್ಯಾನ್ರಿ ನನ್ನ ಮಗ. ಕುರಿ ಹಿಂದ ಕಳಿಸಿದ್ರ ಕೈಯರ ಉಳೀತಿತ್ತು."

ಬಾಯಿಗೆ ಬೀಗ ಗೊತ್ತಿಲ್ಲದ ಹೆಂಗಸು ಎಂದು ಜಿಲ್ಲೆಗೆಲ್ಲ ಹೆಸರಾದವಳು ಆ ಮುದುಕನ ಪಕ್ಕ ತಾನೂ ನೆಲದ ಮೇಲೆ ಕುಂತಳು.

ನಡೆದದ್ದು ಇಷ್ಟು. ಹಿಂದಿನ ದಿನ ಹನ್ನೊಂದು ಗಂಟೆಗೆ ನಾಲ್ಕು ಜನ ಗಂಡಸರು ಆ ತರಗತಿಯೊಳಗೆ ನುಗ್ಗಿದ್ದರು. ಮುಂದಿದ್ದವನು ಪಂಪಾಪತಿ. ಶಾಲೆಯ ಉಸ್ತುವಾರಿ ಸಮಿತಿಗೆ ಅವನೇ ಅಧ್ಯಕ್ಷ, ಧ್ವಜ ಹಾರಿಸುವಾಗ ಮಕ್ಕಳ ಕೈಯಲ್ಲಿ ನಮಸ್ಕಾರ ಮಾಡಿಸಿಕೊಳ್ಳುವವನು. ಮಾಸ್ತರನನ್ನು ಅಂಗಿ ಹಿಡಿದು ಹೊಸ್ತಿಲಿಗೆ ಎಳೆದರು. ಒಬ್ಬ ಎದೆಯ ಮೇಲೆ ಕುಂತ, ಇನ್ನೊಬ್ಬ ಮಣಿಕಟ್ಟು ತುಳಿದು ನಿಂತ. ಬಾಗಿಲು ಬಡಿಯದಂತೆ ಇಡುವ ಗುಂಡುಕಲ್ಲನ್ನು ಪಂಪಾಪತಿ ಎರಡೂ ಕೈಯಲ್ಲಿ ಎತ್ತಿದ. "ಇದೇ ಕೈಲೇನಲೇ ಬರದಿದ್ದು?" ಎಂದು ಕೇಳಿ ಕೇಳಿ ನಾಲ್ಕು ಸಲ ಹಾಕಿದ. ಆಮೇಲೆ ಗೋಡೆಗೆ ಹಚ್ಚಿದ್ದ ದೊಡ್ಡ ಹಾಳೆಯನ್ನು ಕಿತ್ತು, ಹರಿದು, ಅವನ ಬಾಯಿಗೆ ತುರುಕಿದ. ಮೂವತ್ತು ಮಕ್ಕಳು ನೋಡುತ್ತಿದ್ದವು. ಕೆಲವು ಕುಂತಲ್ಲೇ ಉಚ್ಚೆ ಹೊಯ್ದುಕೊಂಡವು.

ಆ ಹಾಳೆ ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಸುಮಂಗಲಾಳ ತರಬೇತಿಯನ್ನೇ ಕೇಳಬೇಕು.

ಆಫ್ರಿಕಾದ ಹಳ್ಳಿಗಳಲ್ಲಿ ಮಾಸ್ತರರಿಗೆ, ಮಕ್ಕಳ ಮನೆಮಾತಿನಲ್ಲೇ ಓದು ಕಲಿಸುವುದನ್ನು ಹೇಳಿಕೊಟ್ಟು ಬಂದಿದ್ದ ಒಬ್ಬ ಹೆಂಗಸು ಅವಳಿಗೆ ಹತ್ತು ದಿನ ಕಲಿಸಿದ್ದಳು. ಅಲ್ಲಿಯ ಮಕ್ಕಳಿಗೆ ಮನೆಯಲ್ಲೊಂದು ಮಾತು, ಪುಸ್ತಕದಲ್ಲಿ ಎಲ್ಲಿಂದಲೋ ಬಂದ ಇನ್ನೊಂದು ಮಾತು. ಏಳು ವರ್ಷ ಶಾಲೆಗೆ ಹೋದರೂ ಒಂದು ಸಾಲು ಓದಲು ಬಾರದವರು ಎಷ್ಟೋ ಮಂದಿ. ಅದನ್ನು ಕೇಳುತ್ತಾ ಸುಮಂಗಲಾಳಿಗೆ ತನ್ನ ಊರು ನೆನಪಾಗಿತ್ತು. ಮಾನ್ವಿ ತಾಲೂಕಿನ ಕುರ್ಡಿಯಲ್ಲಿ ಅವಳ ಕೇರಿಯ ಮಕ್ಕಳು ಮನೆಯ ಮಾತು ಆಡಿದರೆ ಮಾಸ್ತರ ಬೆತ್ತ ಮುರಿಯುವ ತನಕ ಬಾರಿಸುತ್ತಿದ್ದ. ಅವಳ ಅಣ್ಣ ಗೌತಮ ಮೂರನೆಯ ತರಗತಿಗೇ ಶಾಲೆ ಬಿಟ್ಟು ಓಡಿದ್ದು ಆ ಬೆತ್ತಕ್ಕೆ ಹೆದರಿಯೇ. ಅದಕ್ಕೇ ತನ್ನ ತರಬೇತಿಯಲ್ಲಿ ಅವಳು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದಳು: ಮೊದಲ ಪಾಠ ಪುಸ್ತಕದ್ದು ಬೇಡ. ಮಗುವನ್ನು ಕರೆಯಿರಿ, ಅದಕ್ಕೆ ಗೊತ್ತಿರುವ ಒಂದು ಸಂಗತಿ ಕೇಳಿ, ಅದು ಹೇಳಿದ್ದನ್ನು ಅದು ಹೇಳಿದ ಹಾಗೇ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ. ತನ್ನ ಮಾತು ತಾನು ಓದಲಾರದ ಮಗು ಈ ಭೂಮಿಯ ಮೇಲಿಲ್ಲ.

"ಒಂದಕ್ಷರ ತಿದ್ದಬ್ಯಾಡ್ರಿ. ಒಂದು ಮಾತು ಬಿಡಬ್ಯಾಡ್ರಿ. ತಿದ್ದೋ ಚಟ ಇದ್ದವರು ಈಗಲೇ ಎದ್ದು ಮನಿಗಿ ಹೋಗ್ರಿ" ಎಂದು ಕೂಗುತ್ತಿದ್ದಳು. ಮಾಸ್ತರರು ಹಿಂದೆ ಕುಂತು ನಗುತ್ತಾ ಅವಳಿಗೆ ಆಫ್ರಿಕಾ ಮೇಡಂ ಎಂದು ಹೆಸರಿಟ್ಟಿದ್ದರು. ಊರಿಗೆ ಹೋಗಿ ಯಾರೂ ಏನೂ ಮಾಡುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಮಾಡಿದವನು ಗುರುಸಿದ್ದ ಒಬ್ಬನೇ.

ಮೊನ್ನೆ ಅವನು ಏಳು ವರ್ಷದ ಮಾರೆಮ್ಮನನ್ನು ಕರೆದಿದ್ದ. ವರ್ಷವಿಡೀ ತುಟಿ ಬಿಚ್ಚದಿದ್ದ ಹುಡುಗಿ. ನಿಮ್ಮ ಮನೆಯ ಒಂದು ಸಂಗತಿ ಹೇಳವ್ವ ಅಂದ. ಅವಳು ಹೇಳಿದಳು, ಅವನು ಬರೆದ:

ಕಾಕಾ ಅವ್ವನ ಕೂದಲಾ ಹಿಡದ. ಅವ್ವ ಕಾಕಾನ ಕೈ ಕಚ್ಚಿದ್ಳು. ಕಾಕಾ ಅವ್ವನ ತಲಿ ಒಳಕಲ್ಲಿಗಿ ಹೊಡದ. ರಗತ ಬಂತು. ಪಂಪಾಪತಿ ಕಾಕಾ ಅವ್ವನ್ನ ಹೊತಗೊಂಡು ಬಾವಿಗಿ ಹೋದ.

ಅವಳ ತಾಯಿ ರಾಧಾ ಆರು ವಾರದ ಹಿಂದೆ ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದು ಸತ್ತಳೆಂದು ಊರು ಹೇಳಿತ್ತು. ಪಂಚನಾಮೆಯೂ ಆಗಿತ್ತು, ಮಣ್ಣೂ ಆಗಿತ್ತು. ತಂದೆ ಹುಲಿಗೇಶ ಪುಣೆಯಲ್ಲಿ ಗೌಂಡಿ ಕೆಲಸದವನು, ಬಂದು ಮೂರು ದಿನ ಇದ್ದು, ಮಗಳನ್ನು ತನ್ನ ತಮ್ಮ ಪಂಪಾಪತಿಯ ಕೈಗೆ, ತಾಯಿ ಜಂಬಮ್ಮನ ಕೈಗೆ ಒಪ್ಪಿಸಿ ತಿರುಗಿ ಹೋಗಿದ್ದ. ಆ ಐದು ಸಾಲನ್ನು ಮೂವತ್ತೊಂದು ಮಕ್ಕಳು ಒಂದೇ ದನಿಯಲ್ಲಿ ಓದಿದವು, ಸಂಜೆ ಓಣಿಯಲ್ಲೂ ಓದುತ್ತಾ ಮನೆಗೆ ಹೋದವು.

ಮಂಚದ ಮೇಲಿಂದ ಗುರುಸಿದ್ದ ಕಣ್ಣು ತೆರೆದ.

"ಕಾಕಾ ಅಂತಷ್ಟೇ ಬರದು ಹೆಸರು ಬಿಡಬೇಕಂತ ಅನಿಸಿತ್ರಿ ಮೇಡಂ. ನೀವು ಒಂದು ಮಾತು ಬಿಡಬ್ಯಾಡ ಅಂದಿದ್ರಿ."

ಮಗು ಎಮ್ಮೆಯ ಕತೆ ಹೇಳುತ್ತದೆ, ಸಂತೆಯ ಕತೆ ಹೇಳುತ್ತದೆ ಎಂದುಕೊಂಡೇ ಸುಮಂಗಲಾ ಮೂರು ವರ್ಷ ಕೂಗಿದ್ದಳು. ಮಗು ಕೊಲೆ ಹೇಳಿದರೆ ಏನು ಮಾಡಬೇಕೆಂದು ಒಬ್ಬ ಮಾಸ್ತರನಿಗೂ ಹೇಳಿರಲಿಲ್ಲ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನಿಸಿತು.

ಅಷ್ಟರಲ್ಲಿ ಫೋನು ಬಂತು. ಇಲಾಖೆಯ ಒಬ್ಬ ಸಾಹೇಬರು. ದನಿಯಲ್ಲಿ ಬೆಣ್ಣೆ.

"ಒಂದು ಕಾಗದ ಕಳಿಸೀನಿ, ಸಹಿ ಮಾಡಿ ಕಳಿಸಿಬಿಡ್ರಿ. ಆ ಕತಿ ನಿಮ್ಮ ತರಬೇತಿಯೊಳಗ ಕೊಟ್ಟ ಮಾದರಿ ಕತಿ, ಹುಡುಗಿ ಹೇಳಿದ್ದಲ್ಲ, ಮಾಸ್ತರ ತಪ್ಪಿ ಹೆಸರು ಸೇರಿಸ್ಯಾನ. ಅಷ್ಟೇ. ಪಂಪಾಪತಿಯವರು ಸಮಾಧಾನ ಆಗ್ತಾರ, ಮಾಸ್ತರನ ನೌಕರಿನೂ ಉಳೀತದ. ಇಲ್ಲಾಂದ್ರ ಹುಡುಗಿಗೆ ಸುಳ್ಳು ಹೇಳಿಕೊಟ್ಟಾನಂತ ಅವನ ಮ್ಯಾಲೇ ಕೇಸ್ ಆಗ್ತದ. ಮಧ್ಯಾಹ್ನ ಮೂರಕ್ಕ ಸಾಲ್ಯಾಗ ಸಭಾ ಇಟ್ಟೀವಿ."

ಯಮನೂರಪ್ಪನಿಗೂ ಕೇಳಿಸಿತು. "ಮಾಡ್ರಿ ಯವ್ವಾ ಸಹಿ" ಎಂದ. "ಕೈ ಹೋತು. ನೌಕರಿಯರ ಇರಲಿ."

ಸಹಿ ಮಾಡಲಿಕ್ಕೆ ಅವಳ ಮನಸ್ಸು ಅರ್ಧ ಆಗಿತ್ತು, ಸುಳ್ಳೇಕೆ ಹೇಳಬೇಕು. ಗುರುಸಿದ್ದ ತಲೆ ಅಲ್ಲಾಡಿಸಿದ.

"ಆ ಹುಡುಗಿ ಅದೇ ಮನ್ಯಾಗ ಅದಾಳ್ರಿ. ನಿನ್ನಿ ಸಾಲಿಗಿ ಬಂದಿರಲಿಲ್ಲ."

ಸುಮಂಗಲಾ ಫೋನನ್ನು ಚೀಲಕ್ಕೆ ಹಾಕಿ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ನಡೆದಳು.

ದೇವದುರ್ಗದಲ್ಲಿ ಇಳಿದು ಪೊಲೀಸ್ ಠಾಣೆಯ ಫೌಜುದಾರರಿಗೆ ಫೋನು ಹಚ್ಚಿ ಬಾಯಿಗೆ ಬಂದದ್ದೆಲ್ಲ ಅಂದಳು. ಹುಡುಗಿಯನ್ನು ಆ ಮನೆಯಿಂದ ಮೊದಲು ಹೊರಗೆ ತನ್ನಿ, ಕೊಂದವನ ಮುಂದೆ ನಿಲ್ಲಿಸಿ ಏನು ಕೇಳುತ್ತೀರಿ ಎಂದು ಚೀರಿದಳು. ಅವರು ಸಮಾಧಾನವಾಗಿಯೇ ಇದ್ದರು. ಮಾಸ್ತರನ ಕಡೆಯಿಂದ ದೂರು ಬಂದಿಲ್ಲ, ಗೋಡೆ ಮೇಲಿನ ಬರಹ ಸಾಕ್ಷಿ ಆಗುವುದಿಲ್ಲ, ಹುಡುಗಿ ತಾನಾಗಿ ಬಾಯಿ ಬಿಟ್ಟರೆ ನೋಡೋಣ ಎಂದು, ಜೀಪಿನಲ್ಲಿ ವಸೀಮ್ ಎಂಬ ಪೊಲೀಸನೊಬ್ಬನನ್ನು ಕಳಿಸಿದರು. ಆ ಜೀಪಿನಲ್ಲೇ ಅವಳೂ ಹತ್ತಿದಳು. ಊರು ಹತ್ತಿರ ಬಂದಾಗ ವಸೀಮ್, "ನನಗೂ ಏಳು ವರ್ಸದ ಮಗಳು ಅದಾಳ್ರಿ ಮೇಡಂ" ಅಂದ.

ಶಾಲೆಯ ಹೊಸ್ತಿಲಿನ ರಕ್ತವನ್ನು ಸೆಗಣಿ ಹಾಕಿ ಸಾರಿಸಿದ್ದರು. ವಸೀಮ್ ಬಾಗಿಲ ಬಳಿ ನಿಂತ. ಒಳಗೆ ಸಾಹೇಬರು ಕುರ್ಚಿಯಲ್ಲಿ, ಊರಿನ ಹತ್ತೆಂಟು ಗಂಡಸರು ಬೆಂಚಿನ ಮೇಲೆ. ಪಂಪಾಪತಿ ಬಿಳಿ ಅಂಗಿ ತೊಟ್ಟು ಮೀಸೆ ತಿರುವುತ್ತಾ ನಿಂತಿದ್ದ. ಗೋಡೆಗೊರಗಿ ಕುಂತ ಜಂಬಮ್ಮನ ಸೆರಗಿನೊಳಗೆ ಮಾರೆಮ್ಮ. ಸುಮಂಗಲಾ ಹೋಗಿ ಸೆರಗು ಸರಿಸಿದಳು. ಹುಡುಗಿಯ ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಸೀಳಿತ್ತು. ಕಿವಿಯ ಹಿಂದೆ ಕೂದಲು ಕಿತ್ತು, ಆ ಜಾಗದಲ್ಲಿ ಕೆಂಪು ಚರ್ಮ ಕಾಣುತ್ತಿತ್ತು.

"ಯಾರು ಹೊಡದ್ರು ಈ ಕೂಸಿಗಿ?"

"ಆಡಾಕ ಹೋಗಿ ಬಿದ್ದಾಳ" ಎಂದ ಪಂಪಾಪತಿ. "ಯಾರಬೇ ನೀ ಕೇಳಾಕ? ಕುರ್ಡಿ ಕೇರಿಯಾಕಿ ಅಲ್ಲೇನು? ಬಾಗಲದಾಗ ನಿಂದ್ರು, ಸಾಹೇಬ್ರು ಕರದಾಗ ಒಳಗ ಬಾ."

ಸುಮಂಗಲಾ ಹುಡುಗಿಯ ಪಕ್ಕದಿಂದ ಕದಲಲಿಲ್ಲ. ಅವಳು ಜಗಳಕ್ಕೆ ಬಂದಿರಲಿಲ್ಲ. ಆ ಹುಡುಗಿಯನ್ನು ಜೀವಸಹಿತ ಹೊರಗೆ ತರುವುದು, ಅವಳ ಬಾಯಿಂದ ಬಂದ ಮಾತು ಸುಳ್ಳಾಗದಂತೆ ನೋಡುವುದು, ಇವೆರಡೇ ಅವಳ ತಲೆಯಲ್ಲಿದ್ದದ್ದು.

ಸಾಹೇಬರು ಹುಡುಗಿಯನ್ನು ಕೇಳಿದರು: "ಆ ಕತಿ ನೀ ಹೇಳಿದ್ದೇನು, ಸರ್ ಹೇಳಿಕೊಟ್ಟಿದ್ದೇನು?"

ಮಾರೆಮ್ಮ ಕಾಕಾನ ಕಾಲ ಹೆಬ್ಬೆರಳನ್ನು ನೋಡುತ್ತಾ, "ಸರ್ ಹೇಳಿಕೊಟ್ರು" ಎಂದಳು.

"ಕೇಳಿದ್ರೆಲ್ಲಾ" ಎಂದು ಪಂಪಾಪತಿ ಕೈ ತಟ್ಟಿದ. ಬೆಂಚಿನವರು ಎದ್ದು ಧೋತರ ಕೊಡವಿಕೊಂಡರು. ಸಾಹೇಬರು ಆ ಕಾಗದವನ್ನು ಮೇಜಿನ ಮೇಲೆ ಹರಡಿ, ಜೇಬಿನಿಂದ ಪೆನ್ನು ತೆಗೆದು ಸುಮಂಗಲಾಳ ಮುಂದೆ ಹಿಡಿದರು.

ಅವಳು ಪೆನ್ನು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡಳು.

"ಸಹಿ ಮಾಡ್ತೀನ್ರಿ ಸಾಹೇಬ್ರ. ನನ್ನ ತರಬೇತಿ ಹ್ಯಾಂಗ ಅದ ಅಂತ ಮೊದಲು ಎಲ್ಲಾರೂ ನೋಡ್ರಿ. ಹತ್ತು ನಿಮಿಷ."

ಸಾಹೇಬರು ಗಡಿಯಾರ ನೋಡಿ, ಹ್ಞೂಂ ಎಂದರು. ಸಹಿ ಸಿಗುತ್ತದಲ್ಲ, ಹತ್ತು ನಿಮಿಷ ಹೋದರೇನು. ಸುಮಂಗಲಾ ಮಾರೆಮ್ಮನನ್ನು ಎತ್ತಿ ಕರಿಹಲಗೆಯ ಮುಂದೆ ನಿಲ್ಲಿಸಿದಳು, ತಾನು ಮೊಣಕಾಲೂರಿ ಅವಳ ಎತ್ತರಕ್ಕೆ ಬಂದಳು.

"ನಿಂಗ ಏನು ಹೇಳಬೇಕನಸ್ತದೋ ಹೇಳವ್ವ. ನೀ ಅಂದಂಗ ಬರೀತೀನಿ."

ಹುಡುಗಿ ಬಾಯಿಪಾಠ ಒಪ್ಪಿಸಿದಳು. ಮನೆಯಲ್ಲಿ ಹೊಡೆದು ಹೊಡೆದು ಕಲಿಸಿದ್ದು. ಅವ್ವ ಜಾರಿ ಬಾವಿಗಿ ಬಿದ್ಳು. ಕಾಕಾ ಹೊಡಿಲಿಲ್ಲ. ನಾ ನೋಡಿಲ್ಲ. ಸುಮಂಗಲಾ ಅದನ್ನೇ ಬರೆದಳು. ಮಗು ಹೇಳಿದ್ದನ್ನು ತಿದ್ದಬಾರದು, ಸುಳ್ಳಾದರೂ ತಿದ್ದಬಾರದು. ಮೂರೂ ಸಾಲು ದೊಡ್ಡ ಅಕ್ಷರದಲ್ಲಿ ಹಲಗೆಯ ಮೇಲೆ ಕುಂತವು. ಪಂಪಾಪತಿ ನಕ್ಕ.

ಇನ್ನೊಂದು ಕೆಲಸ ಉಳಿದಿತ್ತು. ಬರೆದ ಮೇಲೆ ಮಗುವಿನ ಬೆರಳು ಹಿಡಿದು, ಒಂದೊಂದು ಮಾತಿನ ಕೆಳಗೆ ಸರಿಸುತ್ತಾ ಓದಿಸಬೇಕು. ಓದಿಸಿ, ಏನಾದರೂ ಬಿಟ್ಟಿದೆಯೇ ಎಂದು ಕೇಳಬೇಕು. ಮೊನ್ನೆ ಊಟದ ಗಂಟೆ ಹೊಡೆದಿತ್ತೆಂದು ಗುರುಸಿದ್ದ ಇದನ್ನು ಕೇಳಿರಲಿಲ್ಲ.

ಸುಮಂಗಲಾ ಮಾರೆಮ್ಮನ ಬೆರಳು ಹಿಡಿದಳು. ಅವಳು ಓದಿದಳು. ಮೂರನೆಯ ಸಾಲಿಗೆ ಬರುವಾಗ ದನಿ ಬಾಯಿಪಾಠದ್ದಾಗಿರಲಿಲ್ಲ, ಅಕ್ಷರ ಕೂಡಿಸಿ ಓದುವ ಹುಡುಗಿಯ ದನಿಯಾಗಿತ್ತು.

"ಏನರ ಬಿಟ್ಟೀನೇನವ್ವ?"

ಮಾರೆಮ್ಮ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಆಯಿದು ಬಿಟ್ಟೀರಿ" ಎಂದಳು.

ಆಯಿ ಎಂದರೆ ಅಜ್ಜಿ, ಜಂಬಮ್ಮ.

"ಆಯಿ ಏನು ಮಾಡಿದ್ಳು?"

"ಕಾಲು ಹಿಡದಿದ್ಳು. ಅವ್ವ ಒದಿಯಾಕತ್ತಿದ್ಳು. ಬಾವಿತನಾ ಒದಿಯಾಕತ್ತಿದ್ಳು."

ಸುಮಂಗಲಾ ಅದನ್ನೂ ಬರೆಯಲು ಕೈ ಎತ್ತಿದಳು. ಅಷ್ಟರಲ್ಲಿ ಪಂಪಾಪತಿ ಗಂಟೆ ಬಾರಿಸುವ ಕಬ್ಬಿಣದ ಸಲಾಕೆ ಕಿತ್ತುಕೊಂಡು ಬಂದಿದ್ದ. ಮೊದಲ ಏಟು ಹುಡುಗಿಯ ತಲೆಗೆಂದೇ ಬಂತು. ಸುಮಂಗಲಾ ನಡುವೆ ಬಿದ್ದಳು, ಎಡ ಹೆಗಲ ಎಲುಬು ಮುರಿದದ್ದು ಅವಳ ಕಿವಿಗೇ ಕೇಳಿಸಿತು. ಹುಡುಗಿಯನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಕವುಚಿ ಮಲಗಿದಳು. ಎರಡನೆಯದು ಬೆನ್ನಿಗೆ, ಮೂರನೆಯದು ಸೊಂಟಕ್ಕೆ. ಅವನು ಒದೆಯುತ್ತಲೂ ಇದ್ದ, ಬೈಯುತ್ತಲೂ ಇದ್ದ, ಅವಳ ಜಾತಿ ಹಿಡಿದು, ಸತ್ತ ರಾಧಾಳನ್ನು ಹಿಡಿದು. ಬೆಂಚಿನ ಗಂಡಸರು ಒಬ್ಬರೂ ಅಲುಗಲಿಲ್ಲ. ಸಾಹೇಬರು ಕುರ್ಚಿ ಕೆಡವಿ ಹೊರಗೆ ಓಡಿದ್ದರು. ಹಿಂದಿನಿಂದ ಬಂದ ವಸೀಮ್ ಲಾಠಿಯನ್ನು ಪಂಪಾಪತಿಯ ಕೊರಳಿಗೆ ಅಡ್ಡ ಹಾಕಿ ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು. ಪಂಪಾಪತಿ ಅವನ ಮುಂಗೈ ಕಚ್ಚಿದ, ವಸೀಮ್ ಮೊಣಕೈಯಿಂದ ಅವನ ಮೂಗು ಜಜ್ಜಿದ, ಮುಖ ರಕ್ತವಾಗುವ ತನಕ ಬಿಡಲಿಲ್ಲ.

ಜಂಬಮ್ಮ ಕುಂತಲ್ಲೇ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

"ನಾ ಹೇಳಿದ್ನೆಲ್ಲೋ ಪಂಪಾ" ಎಂದಳು. "ಇನ್ನಾ ಉಸುರಾಡತದ, ದವಾಖಾನಿಗಿ ಒಯ್ಯೋಣು ಅಂದ್ನೆಲ್ಲೋ. ಕಾಲು ಹಿಡಿ ಅಂದಿ. ಹಿಡದೆ. ಕೂಸು ಮಲಗ್ಯಾದ ಅಂದಿದ್ಯಲ್ಲೋ."

ವಸೀಮ್ ಕೈಕೋಳ ಹಾಕುತ್ತಾ ಅದನ್ನು ಕೇಳಿದ. ಹತ್ತೆಂಟು ಗಂಡಸರೂ ಕೇಳಿದರು. ಇನ್ನು ಅದನ್ನು ಹರಿದು ಯಾರ ಬಾಯಿಗೂ ತುರುಕುವಂತಿರಲಿಲ್ಲ.

ಸಂಜೆಯೊಳಗೆ ಇನ್ನೊಂದು ಜೀಪು ಬಂದು ಮಗನನ್ನೂ ತಾಯಿಯನ್ನೂ ಕರೆದೊಯ್ಯಿತು. ಜಂಬಮ್ಮ ಹತ್ತುವಾಗ ಮಾರೆಮ್ಮ "ಆಯೀ" ಎಂದು ಹಿಂದೆ ಓಡಿದಳು. ಮುದುಕಿ ತಿರುಗಿ ನೋಡಲಿಲ್ಲ. ಆರು ವಾರ ಅವಳಿಗೆ ಉಣ್ಣಿಸಿದವಳು, ತಲೆ ಬಾಚಿದವಳು, ಪಕ್ಕದಲ್ಲಿ ಮಲಗಿಸಿಕೊಂಡವಳು ಇವಳೊಬ್ಬಳೇ. ಸುಮಂಗಲಾ ನೋವಿನಲ್ಲಿ ಬೆವರುತ್ತಾ ಇದನ್ನು ನೋಡಿದಳು. ಸತ್ಯ ಹೊರಬಂತೆಂಬ ಸಂತೋಷ ಅವಳಿಗೆ ಎಳ್ಳಷ್ಟೂ ಆಗಲಿಲ್ಲ.

ವಸೀಮ್ ಪುಣೆಗೆ ಫೋನು ಹಚ್ಚಿ ಕೊಟ್ಟ. ಸುಮಂಗಲಾ ಎಲ್ಲ ಹೇಳಿದಳು. ಹುಲಿಗೇಶ ಹೇಳಿದ: "ತಮ್ಮ ಹೋದ. ಹಡದವ್ವ ಹೋದ್ಲು. ಸತ್ತಾಕಿ ಏನು ತಿರುಗಿ ಬರ್ತಾಳೇನ್ರಿ? ಆ ಹುಡುಗಿ ಬಾಯಿಲಿಂದ ನನ್ನ ಮನಿ ತೊಳದುಹೋತು. ನಾ ಬರಲ್ಲ. ಆಕಿ ಮಾರಿ ನೋಡಲ್ಲ." ಫೋನು ಇಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ರಾಯಚೂರಿಗೆ ಹೊರಟ ಜೀಪಿನಲ್ಲಿ ಮಾರೆಮ್ಮ ಸುಮಂಗಲಾಳ ಬಲಗಡೆ ಕುಂತಿದ್ದಳು. ದೇವದುರ್ಗದ ದೀಪಗಳು ಹಿಂದಾದವು.

"ಟೀಚರ್, ಅಪ್ಪ ಏನಂದ?"

ಸುಮಂಗಲಾ ಹೊರಗೆ ನೋಡಿದಳು. "ನಾಳಿಗಿ ಬಸ್ ಹತ್ತತೀನಿ ಅಂದ. ನಿನ್ನ ಕರಕೊಂಡು ಹೋಗಾಕ ಬರ್ತಾನಂತ."

ಹುಡುಗಿ ಅವಳ ಮುಖವನ್ನು ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದಳು.

"ಕಾಕಾನೂ ಹಿಂಗ ಅಂದಿದ್ದ" ಎಂದಳು. "ಬಾವಿಲಿಂದ ಬಂದು ಕೈ ತೊಳಕೊಂಡು, ನಿಮ್ಮವ್ವ ನಾಳಿಗಿ ಬರ್ತಾಳ ಅಂದಿದ್ದ."

ಸುಮಂಗಲಾ ವಸೀಮನಿಗೆ ಜೀಪನ್ನು ಬದಿಗೆ ನಿಲ್ಲಿಸಲು ಹೇಳಿದಳು. ಇಂಜಿನ್ ಬಂದಾಯಿತು. ಅವಳು ಹುಡುಗಿಯ ಕೈ ಹಿಡಿದುಕೊಂಡು, ಹುಲಿಗೇಶ ಅಂದದ್ದನ್ನು ಅವನು ಅಂದ ಹಾಗೆಯೇ, ಒಂದು ಮಾತೂ ಬಿಡದೆ ಹೇಳಿದಳು. ಮಾರೆಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸುಮಂಗಲಾಳ ಮುರಿಯದ ಕಡೆಯ ಹೆಗಲಿಗೆ ತಲೆ ಇಟ್ಟು, ಗಬ್ಬೂರು ದಾಟುವ ತನಕ ಅತ್ತಳು.